ಅಸಲಿ ಮಿಷನ್, ಹೊಸ ಡಯಲ್: ಹಳೆಯ ಕೀ ವಾಚು ಜೋಡಿಸುವ ಬಗೆ

ದಾವಣಗೆರೆಯ ಹಳೇ ಪೇಟೆಯ ಮನೆಗಳಲ್ಲಿ ಬೀರುವಿನ ಒಳಖಾನೆ ಎಳೆದು ನೋಡಿದರೆ ಒಂದಾದರೂ ಎಚ್‌ಎಂಟಿ ಸಿಗುತ್ತದೆ. ಮದುವೆಯಲ್ಲಿ ಅಳಿಯನಿಗೆ ಉಂಗುರದ ಜೊತೆ ಕೊಟ್ಟದ್ದೋ, ಹತ್ತಿ ಮಿಲ್ಲಿನ ಪಾಳಿಗೆ ಹೊತ್ತಾಗದಿರಲಿ ಎಂದು ಕಂತಿನಲ್ಲಿ ಕೊಂಡದ್ದೋ ಆಗಿರುತ್ತದೆ. ಗ್ಲಾಸು ಹಳದಿಗಟ್ಟಿದೆ, ಕ್ರೌನ್ (ಕೀ ಕೊಡುವ ಗುಂಡಿ) ಬಿದ್ದುಹೋಗಿದೆ, ಡಯಲ್ ಮೇಲೆ ನೀರಿನ ಕಲೆ. ಬಿಸಾಡಲು ಮನಸ್ಸಿಲ್ಲ, ರಿಪೇರಿ ಮಾಡಿಸಲು ಸಾಮಾನಿಲ್ಲ. ಇಂಥ ಎರಡು ಮೂರು ವಾಚುಗಳನ್ನು ಕೂಡಿಸಿ, ಇಲ್ಲದ್ದಕ್ಕೆ ಹೊಸದಾಗಿ ಮಾಡಿದ ಭಾಗ ಹಾಕಿ, ದಿನಾ ಕಟ್ಟಿಕೊಳ್ಳಬಹುದಾದ ಒಂದು ವಾಚು ಮಾಡುವುದು ಹೇಗೆ ಎಂಬುದಕ್ಕೆ ಈ ಬರಹ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರು ಮಾಡಿತು. 1978ರಲ್ಲಿ ತುಮಕೂರಿನ ಕಾರ್ಖಾನೆ ಬಂತು. 2016ರಲ್ಲಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಂದಮೇಲೆ ಇವತ್ತು ಸಿಗುವ ಭಾಗ ಮೂರೇ ಬಗೆ: ಅಂಗಡಿಗಳಲ್ಲಿ ಉಳಿದ ಹಳೆ ಅಸಲಿ ಮಾಲು, ಕೆಟ್ಟ ವಾಚಿನಿಂದ ಬಿಚ್ಚಿದ ಅಸಲಿ ಮಾಲು, ಹೊರಗೆ ಯಾರೋ ಮಾಡಿದ ನಕಲಿ ಮಾಲು. ಮೂರನ್ನೂ ಬೆರೆಸುವುದರಲ್ಲಿ ತಪ್ಪೇನಿಲ್ಲ. ಯಾವುದು ಎಲ್ಲಿದೆ ಎಂಬುದು ಕಟ್ಟಿದವರಿಗೂ ಕೊಂಡವರಿಗೂ ತಿಳಿದಿರಬೇಕು, ಅಷ್ಟೆ.

ಯಾವ ವಾಚಿನಿಂದ ಶುರು ಮಾಡುವುದು

ಎಚ್‌ಎಂಟಿಯ ಜನತಾ ಅಥವಾ ಪೈಲಟ್ ಮಾದರಿ. ಎರಡೂ ಕೀ ಕೊಡುವ ವಾಚು, 17 ಜ್ಯುವೆಲ್ (ಚಕ್ರಗಳ ತುದಿ ಕೂರುವ ಗಟ್ಟಿ ಕಲ್ಲು), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಕೇಸಿನ ಅಗಲ ಸುಮಾರು 35 ಮಿ.ಮೀ., ಬೆಲ್ಟು ಕೂರುವ ಜಾಗ 18 ಮಿ.ಮೀ. ಎರಡಕ್ಕೂ ಒಂದೇ ಕುಟುಂಬದ ಮಿಷನ್ (ವಾಚನ್ನು ಓಡಿಸುವ ಒಳಯಂತ್ರ) ಇರುವುದರಿಂದ ಒಂದರ ಚಕ್ರ ಇನ್ನೊಂದಕ್ಕೆ ಆಗುತ್ತದೆ, ಸ್ಕ್ರ್ಯಾಪ್ ಕೂಡ ಧಾರಾಳವಾಗಿ ಸಿಗುತ್ತದೆ. ಹಾಗೆಂದು ಎಚ್‌ಎಂಟಿಯ ಎಲ್ಲ ಕೀ ವಾಚಿಗೂ ಒಂದೇ ಡಯಲ್, ಒಂದೇ ಮುಳ್ಳು ಕೂರುತ್ತದೆ ಎಂದು ನಂಬಿ ದುಡ್ಡು ಕೊಡಬೇಡಿ. ಅಳೆದೇ ಕೊಳ್ಳಿ.

ಆಟೋಮ್ಯಾಟಿಕ್ ವಾಚು ಮೊದಲ ಕೆಲಸಕ್ಕೆ ಬೇಡ. ವಾರ, ತಾರೀಖಿನ ಚಕ್ರಗಳ ಕೆಳಗೆ ಕೂದಲಿನಂಥ ಸ್ಪ್ರಿಂಗುಗಳಿರುತ್ತವೆ, ಒಂದು ಹಾರಿದರೆ ಆ ದಿನದ ಕೆಲಸ ಮುಗಿದ ಹಾಗೆ. ಇನ್ನು ಕಲೆಕ್ಟರುಗಳು ‘ಮುಂಬೈ ಸ್ಪೆಷಲ್’ ಎಂದು ಕರೆಯುವ ವಾಚುಗಳಿವೆ: ಸ್ವಿಸ್ ಫಾಂಟೆನ್‌ಮೆಲಾನ್ ಕಂಪನಿಯ ಎಸ್‌ಟಿ 96ರಂಥ ಹಳೆ ಮಿಷನ್ ಮೇಲೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ, ದೊಡ್ಡ ಹೆಸರಿನಲ್ಲಿ ಮಾರುವಂಥವು. ಮಿಷನ್ ಕೆಟ್ಟದ್ದಲ್ಲ, ಕಲಿಯಲು ಒಳ್ಳೆಯದೇ. ಡಯಲ್ ಮೇಲಿನ ಹೆಸರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಲ್ಲಿ ರಾಜಿ, ಎಲ್ಲಿ ಇಲ್ಲ

ಗ್ಲಾಸು, ಹಿಂಬದಿ ಮುಚ್ಚಳದ ರಬ್ಬರ್ ರಿಂಗು, ಬೆಲ್ಟು, ಬೆಲ್ಟಿನ ಪಿನ್ನು, ಮೇನ್‌ಸ್ಪ್ರಿಂಗು (ಕೀ ಕೊಟ್ಟಾಗ ಬಿಗಿಯಾಗುವ ಸ್ಪ್ರಿಂಗು): ಇವು ಸವೆಯಲೆಂದೇ ಇರುವ ವಸ್ತುಗಳು. ಹೊಸದು ಹಾಕಿ, ಚಿಂತೆ ಬೇಡ. ಕ್ರೌನ್ ಮತ್ತು ಕ್ರೌನಿನ ರಾಡು ನಕಲಿ ಇದ್ದರೂ ನಡೆಯುತ್ತದೆ, ಗೇಜು ಕೂಡಿದರೆ ಸಾಕು. ಕೇಸು ನಕಲಿಯಾದರೆ ವಾಚಿನ ಬೆಲೆ ಇಳಿಯುತ್ತದೆ, ಓಟಕ್ಕೆ ತೊಂದರೆಯಿಲ್ಲ.

ಮಿಷನ್ ಒಳಗೆ ರಾಜಿ ಬೇಡ. ಚಕ್ರಗಳು, ಬ್ಯಾಲೆನ್ಸ್ (ಆಚೀಚೆ ಓಲಾಡಿ ಸಮಯ ಹಿಡಿಯುವ ಚಕ್ರ), ಅದಕ್ಕೂ ಉಳಿದ ಚಕ್ರಗಳಿಗೂ ನಡುವೆ ಟಿಕ್ ಟಿಕ್ ಎಂದು ಆಡುವ ಪ್ಯಾಲೆಟ್ ಫೋರ್ಕ್ ಎಲ್ಲವೂ ಅದೇ ಮಾದರಿಯ ಅಸಲಿ ಮಿಷನ್‌ನಿಂದಲೇ ಬರಬೇಕು. ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಕಟ್ಟಿದ ಕೂದಲಿನಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್, ಗಂಡ ಹೆಂಡತಿ ಇದ್ದ ಹಾಗೆ. ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಸಿ ಕಳಿಸಿರುತ್ತಾರೆ. ಒಂದರ ಚಕ್ರಕ್ಕೆ ಮತ್ತೊಂದರ ಸ್ಪ್ರಿಂಗು ಕಟ್ಟಿದರೆ ದಿನಕ್ಕೆ ಹತ್ತು, ಇಪ್ಪತ್ತು ನಿಮಿಷದ ವ್ಯತ್ಯಾಸ ಬರುತ್ತದೆ, ಓಟದ ವೇಗ ತಿದ್ದುವ ರೆಗ್ಯುಲೇಟರ್ ಕಡ್ಡಿಯನ್ನು ಕೊನೆಯವರೆಗೆ ತಳ್ಳಿದರೂ ಸರಿಹೋಗುವುದಿಲ್ಲ. ಬದಲಿಸುವುದಾದರೆ ಇಡೀ ಜೋಡಿಯನ್ನೇ ಬದಲಿಸಿ.

ಡಯಲ್ ವಿಷಯ ಬೇರೆ. ಕಲೆಯಾದ ಅಸಲಿ ಡಯಲ್ ಓದಲು ಬರುವಂತಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಲೇಸು. ಅಸಲಿಗೆ ಬಣ್ಣ ಬಳಿಸಿ ‘ಹೊಸದು’ ಮಾಡಿಸುವುದಕ್ಕಿಂತ, ಅದನ್ನು ತೆಗೆದು ಎತ್ತಿಟ್ಟು ಬೇರೆ ಡಯಲ್ ಕೂರಿಸುವುದು ಎಷ್ಟೋ ಮೇಲು. ಬಳಿದ ಬಣ್ಣ ಹಿಂದಕ್ಕೆ ಬರುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಮಂಡಿಪೇಟೆ, ಚೌಕಿಪೇಟೆಯ ಗಲ್ಲಿಗಳಲ್ಲಿ, ಚಿತ್ರದುರ್ಗದ ಸಂತೆಪೇಟೆಯ ಕಡೆ, ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ವಾಚು ರಿಪೇರಿಯವರನ್ನು ಹುಡುಕಿ. ಅಂಥವರ ಬಳಿ ಸಾಮಾನ್ಯವಾಗಿ ಒಂದು ತಗಡಿನ ಡಬ್ಬಿ ಇರುತ್ತದೆ. ವಾಚು ಕೇಳಬೇಡಿ, ಡಬ್ಬಿ ಕೇಳಿ: ‘ಯಜಮಾನ್ರೇ, ಎಚ್‌ಎಂಟಿ ಕೀ ವಾಚಿನ ಸ್ಕ್ರ್ಯಾಪ್ ಮಿಷನ್ ಐತೇನ್ರಿ?’ ಬಿಡಿ ಚಕ್ರ ಆರಿಸಿಕೊಳ್ಳುವುದಕ್ಕಿಂತ ನಾಲ್ಕೈದು ಪೂರ್ತಿ ಮಿಷನ್ ಒಟ್ಟಿಗೆ ತೆಗೆದುಕೊಳ್ಳಿ. ಅನುಭವದ ಲೆಕ್ಕ ಹೀಗೆ: ಮೂರು ಕೆಟ್ಟ ಮಿಷನ್ ಸೇರಿದರೆ ಒಂದು ಒಳ್ಳೆಯದಾಗುತ್ತದೆ, ಒಂದಷ್ಟು ಸ್ಕ್ರೂ ಉಳಿಯುತ್ತದೆ.

ಮಿಷನ್ ಕೈಗೆ ಬಂದ ಕೂಡಲೇ ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಲೆನ್ಸ್) ಹಾಕಿಕೊಂಡು ನಾಲ್ಕು ವಿಷಯ ನೋಡಿ. ಬ್ಯಾಲೆನ್ಸ್ ಚಕ್ರವನ್ನು ಉಸಿರಿನಿಂದ ಸ್ವಲ್ಪ ಊದಿ; ಸಲೀಸಾಗಿ ಅಲ್ಲಾಡಿ ನಿಧಾನಕ್ಕೆ ನಿಲ್ಲಬೇಕು. ಒಂದು ಕಡೆ ವಾಲಿದ್ದರೆ ಅದರ ಅಚ್ಚು (ಚಕ್ರ ತಿರುಗುವ ನಡುಗಡ್ಡಿ) ಮುರಿದಿದೆ. ಹೇರ್‌ಸ್ಪ್ರಿಂಗಿನ ಸುತ್ತುಗಳು ಚಕ್ಕುಲಿಯ ಹಾಗೆ ಸಮ ಅಂತರದಲ್ಲಿರಬೇಕು. ಎರಡು ಸುತ್ತು ಅಂಟಿದ್ದರೆ ಎಣ್ಣೆ ಅಥವಾ ಅಯಸ್ಕಾಂತದ ದೋಷ, ಅದು ಸರಿಹೋಗುತ್ತದೆ. ಸೊಟ್ಟಗಾಗಿದ್ದರೆ ಹೊಸಬರ ಕೈಯಲ್ಲಿ ಆಗದ ಕೆಲಸ. ಸ್ಕ್ರೂ ತಲೆಗಳ ಸೀಳು ಹರಿದುಹೋಗಿದ್ದರೆ ಯಾರೋ ಸಿಕ್ಕಿದ ಸ್ಕ್ರೂಡ್ರೈವರಿನಲ್ಲಿ ಬಡಿದಾಡಿದ್ದಾರೆ, ಒಳಗೆ ಇನ್ನೇನು ಮಾಡಿದ್ದಾರೋ. ಕೊನೆಗೆ ರಾಡು ಹೋಗುವ ತೂತಿನ ಸುತ್ತ ಕೆಂಪು ತುಕ್ಕು. ನೀರು ನುಗ್ಗುವುದು ಅಲ್ಲಿಂದಲೇ.

ಡಯಲ್ ಪರೀಕ್ಷೆಗೆ ಹತ್ತು ಪಟ್ಟಿನ ಲೆನ್ಸ್ ಬೇಕು. ಅಸಲಿ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ನಿಮಿಷದ ಗೆರೆಗಳು ಡಯಲಿನ ಅಂಚಿಗೆ ಎಲ್ಲೆಡೆ ಒಂದೇ ದೂರದಲ್ಲಿ ಇರುತ್ತವೆ. ನಕಲಿಯಲ್ಲಿ ಶಾಯಿ ಸ್ವಲ್ಪ ಹರಡಿ ಅಂಚು ಊದಿಕೊಂಡಿರುತ್ತದೆ, ಗೆರೆಯ ವೃತ್ತ ಒಂದು ಪಕ್ಕಕ್ಕೆ ಜರುಗಿರುತ್ತದೆ. ಗಿಳಿ ಹಸಿರು, ಕಿತ್ತಳೆ, ನವಿಲು ನೀಲಿಯ ಪೈಲಟ್ ಕಂಡರೆ ಅದನ್ನು ನಕಲಿ ಎಂದೇ ಎಣಿಸಿ ಬೆಲೆ ಮಾತಾಡಿ. ಇನ್ನೊಂದು ಸುಳಿವು: ಕೇಸು ಸವೆದು ಹಿತ್ತಾಳೆ ಕಾಣುತ್ತಿದೆ, ಮುಳ್ಳು ಮಾಸಿದೆ, ಡಯಲ್ ಮಾತ್ರ ನಿನ್ನೆ ಮದುವೆಯಾದವರ ಹಾಗೆ ಹೊಳೆಯುತ್ತಿದೆ ಎಂದರೆ ಅದು ಆ ವಾಚಿನದ್ದಲ್ಲ.

ಹಳೆಯ ಸ್ವಿಸ್ ವಾಚಿನ ಡಯಲಿನಲ್ಲಿ, ಅದೂ 1960ಕ್ಕಿಂತ ಹಿಂದಿನದ್ದರಲ್ಲಿ, ಕತ್ತಲಲ್ಲಿ ಹೊಳೆಯಲೆಂದು ಬಳಿದು ಈಗ ಕಂದಿರುವ ಬಣ್ಣವಿದ್ದರೆ ಕೆರೆಯಬೇಡಿ. ಅದು ರೇಡಿಯಂ ಆಗಿರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸಾಯುವುದಿಲ್ಲ, ರೇಡಿಯಂ 226 ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಪುಡಿ ಉಸಿರಿನೊಳಗೆ ಹೋಗುವುದೇ ಅಪಾಯ. ಅಂಥದ್ದನ್ನು ಬಿಚ್ಚದೆ ಬಿಡಿ.

ಮೇಜು ಮತ್ತು ಸಾಮಾನು

0.8, 1.0, 1.2, 1.6 ಮಿ.ಮೀ. ಸ್ಕ್ರೂಡ್ರೈವರ್, ಎರಡು ಚಿಮಟ (ಒಂದು ಚೂಪಾದದ್ದು, ಒಂದು ಸ್ವಲ್ಪ ದಪ್ಪದ್ದು), ಐಗ್ಲಾಸ್, ಮುಳ್ಳು ತೆಗೆಯುವ ಲಿವರ್ ಜೋಡಿ, ಮುಳ್ಳು ಕೂರಿಸುವ ಕಡ್ಡಿ, ಮಿಷನ್ ಹಿಡಿಯುವ ಸ್ಟ್ಯಾಂಡು, ಗಾಳಿ ಊದುವ ರಬ್ಬರ್ ಬುರುಡೆ, ದಪ್ಪ, ಅಗಲ ಅಳೆಯುವ ಡಿಜಿಟಲ್ ವರ್ನಿಯರ್. ಬೆರಳಿಗೆ ರಬ್ಬರ್ ಟೊಪ್ಪಿಗೆ ಕಡ್ಡಾಯ. ಮಾರ್ಚಿಯಿಂದ ಮೇವರೆಗೆ ನಮ್ಮ ಊರಿನ ಸೆಕೆಯಲ್ಲಿ ಬೆವರಿನ ಬೆರಳು ತಾಗಿದ ಉಕ್ಕಿನ ಚಕ್ರದ ಮೇಲೆ ಒಂದೆರಡು ವಾರದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಭಾಗಗಳನ್ನು ಇಡಲು ಹೊಸ ಪಡ್ಡಿನ ಹಂಚಿಗಿಂತ ಒಳ್ಳೆಯ ತಟ್ಟೆ ಇಲ್ಲ. ಎಣ್ಣೆ ಕಾಣದ ಹಂಚು, ಪ್ರತಿ ಗುಳಿಗೂ ಒಂದು ತುಂಡು ಬಿಳಿ ಕಾಗದ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಗುಳಿ ತುಂಬುತ್ತ ಹೋಗಿ, ಆಯಾ ಭಾಗದ ಸ್ಕ್ರೂ ಅದರ ಜೊತೆಗೇ ಇರಲಿ. ಊಟಕ್ಕೆ ಎದ್ದರೆ ಮೇಲೊಂದು ಮುಚ್ಚಳ. ಫ್ಯಾನು ಆರಿಸಿ. ಹತ್ತಿಯ ಎಳೆ, ಮಂಡಕ್ಕಿ ಭಟ್ಟಿಯ ಹೊಗೆಮಸಿ, ಅಕ್ಕಿ ಗಿರಣಿಯ ಹೊಟ್ಟಿನ ದೂಳು ಇವೆಲ್ಲ ಇರುವ ಓಣಿಯಾದರೆ ಕಿಟಕಿ ಮುಚ್ಚಿ, ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಬನಿಯನ್ ಬಟ್ಟೆಯ ಬದಲು ನೂಲು ಬಿಡದ ಕಾಗದ ಬಳಸಿ. ಒಂದೇ ಒಂದು ಹತ್ತಿ ಎಳೆ ನಾಲ್ಕನೇ ಚಕ್ರದ ಹಲ್ಲಿಗೆ ಸಿಕ್ಕರೆ ವಾಚು ನಿಲ್ಲುತ್ತದೆ. ಎಷ್ಟೋ ಸಲ ‘ಸರ್ವಿಸ್ ಮಾಡಿದ ಮೇಲೆ ಕೆಟ್ಟಿತು’ ಎನ್ನುವುದರ ಹಿಂದೆ ಇರುವುದು ಇಂಥ ಒಂದು ಎಳೆ.

ಬಿಚ್ಚುವುದು

ಬಿಚ್ಚುವ ಮೊದಲು, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ. ಮೊಬೈಲನ್ನು ಮಿಷನ್ ಪಕ್ಕಕ್ಕೆ ಇಡಬೇಡಿ, ಅದರ ಸ್ಪೀಕರಿನಲ್ಲಿ ಅಯಸ್ಕಾಂತ ಇದೆ.

ಹಿಂಬದಿ ಮುಚ್ಚಳ ತೆಗೆದ ಮೇಲೆ ರಾಡು ಹೊರಗೆ ತೆಗೆಯಬೇಕು. ರಾಡಿನ ಬುಡದ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತದೆ, ಕೆಲವು ಮಿಷನ್‌ನಲ್ಲಿ ಒತ್ತುವ ಗುಂಡಿ. ಸ್ಕ್ರೂ ಇದ್ದರೆ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ರಾಡನ್ನು ಮೆಲ್ಲಗೆ ಎಳೆಯುತ್ತಲೇ ತಿರುಗಿಸಿ, ಬಂದ ಕೂಡಲೇ ನಿಲ್ಲಿಸಿ. ಮೂರು ನಾಲ್ಕು ಸುತ್ತು ತಿರುಗಿಸಿದರೆ ಡಯಲಿನ ಅಡಿಯಲ್ಲಿ ರಾಡನ್ನು ಹಿಡಿದಿಡುವ ಸೆಟ್ಟಿಂಗ್ ಲಿವರ್ ಕಳಚಿ ಬೀಳುತ್ತದೆ. ಆಮೇಲೆ ರಾಡು ಹಾಕಿದರೆ ನಿಲ್ಲುವುದಿಲ್ಲ, ಮುಳ್ಳು ತಿರುಗುವುದಿಲ್ಲ. ಡಯಲ್ ಬಿಚ್ಚದೆ ಬೇರೆ ದಾರಿಯೇ ಇಲ್ಲ. ಹೊಸಬರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಾಡುವ ತಪ್ಪು ಇದು.

ಮಿಷನ್ ಕೇಸಿನಿಂದ ಹೊರಬಂದ ಮೇಲೆ ರಾಡು ಮತ್ತೆ ಸಿಕ್ಕಿಸಿ. ಮುಳ್ಳು ತೆಗೆಯುವಾಗ ಮೂರನ್ನೂ 12ರ ಮೇಲೆ ಒಂದರ ಮೇಲೊಂದು ತಂದು, ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಎರಡೂ ಲಿವರ್ ಸಮವಾಗಿ ಎತ್ತಿ. ಡಯಲಿನ ಅಡಿಗೆ ಸಣ್ಣ ಕಡ್ಡಿಯಂಥ ಎರಡು ಕಾಲು, ಅವನ್ನು ಹಿಡಿಯಲು ಮಿಷನ್ ಪಕ್ಕದಿಂದ ಎರಡು ಸ್ಕ್ರೂ. ಸಡಿಲಿಸಿ, ಪೂರ್ತಿ ತೆಗೆಯಬೇಡಿ.

ಮುಂದಿನ ಹೆಜ್ಜೆ ಮರೆತರೆ ಚಕ್ರದ ಹಲ್ಲು ಮುರಿಯುತ್ತದೆ: ಸ್ಪ್ರಿಂಗಿನ ಬಿಗಿ ಇಳಿಸುವುದು. ರಾಡು ಒಳಗೆ ಒತ್ತಿ, ಕ್ರೌನ್ ಬೆರಳಲ್ಲಿ ಬಿಗಿ ಹಿಡಿದು, ದೊಡ್ಡ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಪಕ್ಕದ ಕ್ಲಿಕ್ಕನ್ನು ಚಿಮಟದಿಂದ ಸರಿಸಿ, ಕ್ರೌನನ್ನು ಬೆರಳ ನಡುವೆ ನಿಧಾನಕ್ಕೆ ಜಾರಲು ಬಿಡಿ. ಪೂರ್ತಿ ಇಳಿಯಿತು ಎಂದು ಖಾತ್ರಿಯಾದ ಮೇಲೆ ಬ್ಯಾಲೆನ್ಸಿನ ಸೇತುವೆಯ (ಚಕ್ರವನ್ನು ಮೇಲಿನಿಂದ ಹಿಡಿದಿಡುವ ಪಟ್ಟಿ) ಸ್ಕ್ರೂ ತೆಗೆದು, ಸೇತುವೆಯನ್ನೇ ಹಿಡಿದು ಚಕ್ರದ ಸಮೇತ ಎತ್ತಿ. ಚಕ್ರ ಜೋತಾಡುತ್ತದೆ, ಗಾಬರಿ ಬೇಡ. ಎಲ್ಲಿಯಾದರೂ ಸಿಕ್ಕಿಕೊಂಡರೆ ಮಾತ್ರ ಎಳೆಯಬೇಡಿ, ಮತ್ತೆ ಇಳಿಸಿ ಸ್ವಲ್ಪ ತಿರುಗಿಸಿ ಎತ್ತಿ. ಆಮೇಲೆ ಪ್ಯಾಲೆಟ್ ಫೋರ್ಕ್, ರಾಚೆಟ್ ಚಕ್ರ, ಕ್ರೌನ್ ಚಕ್ರ, ದೊಡ್ಡ ಸೇತುವೆಗಳು, ಚಕ್ರಗಳ ಸಾಲು. ಕ್ರೌನ್ ಚಕ್ರದ ಸ್ಕ್ರೂ ಬಹಳಷ್ಟು ಮಿಷನ್‌ಗಳಲ್ಲಿ ಉಲ್ಟಾ ತಿರುಪಿನದು. ಬಾರದಿದ್ದರೆ ಜೋರು ಮಾಡದೆ ಮತ್ತೊಂದು ಕಡೆಗೆ ತಿರುಗಿಸಿ ನೋಡಿ.

ತೊಳೆಯುವುದು, ಎಣ್ಣೆ ಹಾಕುವುದು

ಬಿಳಿ ಪೆಟ್ರೋಲಿನಲ್ಲಿ ಎರಡು ಸಲ, ಪ್ರತಿ ಸಲ ಹೊಸ ಪೆಟ್ರೋಲು, ಸಣ್ಣ ಮುಚ್ಚಳದ ಗಾಜಿನ ಬಾಟಲಿ. ಒಲೆ, ದೇವರ ದೀಪ ಇರುವ ಕೋಣೆಯಲ್ಲಿ ಬೇಡ. ಜ್ಯುವೆಲ್ ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ತಿರುವಿ ಸ್ವಚ್ಛ ಮಾಡಿ; ಕಡ್ಡಿಯ ತುದಿ ಕಪ್ಪಾಗುತ್ತದೆ, ಮತ್ತೆ ಚೂಪು ಮಾಡಿ, ತುದಿ ಬೆಳ್ಳಗೇ ಹೊರಬರುವ ತನಕ ಮಾಡಿ. ಸ್ಪಿರಿಟ್‌ನಲ್ಲಿ ಪ್ಯಾಲೆಟ್ ಫೋರ್ಕನ್ನಾಗಲಿ ಬ್ಯಾಲೆನ್ಸನ್ನಾಗಲಿ ನೆನೆಹಾಕಬೇಡಿ. ಅವುಗಳ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಕಲ್ಲು ಒಂದು ಕೂದಲೆಳೆ ಜರುಗಿದರೂ ವಾಚು ಓಡುವುದಿಲ್ಲ, ಯಾಕೆ ಎಂದು ತಿಳಿಯುವುದೂ ಇಲ್ಲ.

ಬ್ಯಾಲೆನ್ಸಿನ ಎರಡು ತುದಿಯಲ್ಲಿ ಪೆಟ್ಟಿನಿಂದ ಕಾಯುವ ಪ್ಯಾರಾಶಾಕ್ ಕಲ್ಲುಗಳನ್ನೂ ತೆಗೆದು ತೊಳೆಯಬೇಕು. ಅದರ ಸ್ಪ್ರಿಂಗು ಸಾಸಿವೆಗಿಂತ ಚಿಕ್ಕದು, ಜಿಗಿಯುವುದರಲ್ಲಿ ಮಿಡತೆ. ಕೈ, ಮಿಷನ್, ಚಿಮಟ ಮೂರನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಆ ಕೆಲಸ ಮಾಡಿ.

ಎಣ್ಣೆ ಮೂರು ಬಗೆ ಸಾಕು. ವೇಗದ ಅಚ್ಚುಗಳಿಗೆ, ಬ್ಯಾಲೆನ್ಸಿಗೆ ತೆಳು ಎಣ್ಣೆ, ಮೋಬಿಯಸ್ 9010 ತರಹದ್ದು. ನಿಧಾನ ಚಲಿಸುವ ಬ್ಯಾರೆಲ್ (ಮೇನ್‌ಸ್ಪ್ರಿಂಗ್ ಕೂರುವ ಡಬ್ಬಿ), ಮಧ್ಯದ ಚಕ್ರಕ್ಕೆ ಡಿ5ನಂಥ ದಪ್ಪ ಎಣ್ಣೆ. ಕ್ಲಿಕ್, ರಾಡು, ಸೆಟ್ಟಿಂಗ್ ಲಿವರಿಗೆ ಗ್ರೀಸು. ಹೊಲಿಗೆ ಮಿಷನ್ ಎಣ್ಣೆ, ಕೊಬ್ಬರಿ ಎಣ್ಣೆ ಎರಡೂ ಕೆಲವೇ ತಿಂಗಳಲ್ಲಿ ಹರಡಿ ಅಂಟಾಗುತ್ತವೆ. ಜ್ಯುವೆಲಿನ ಬಟ್ಟಲಿನ ಮೂರನೇ ಒಂದು ಭಾಗ ತುಂಬಿದರೆ ಸಾಕು; ಅಂಚು ದಾಟಿದ ಎಣ್ಣೆ ಸೇತುವೆಯ ಮೇಲೆಲ್ಲ ಹರಿದು, ಅಚ್ಚಿನ ಬಳಿಯ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಪ್ಯಾಲೆಟ್ ಫೋರ್ಕಿನ ಅಚ್ಚುಗಳಿಗೆ ಎಣ್ಣೆಯೇ ಬೇಡ, ಅದರ ಎರಡು ಕಲ್ಲಿನ ಮುಖಕ್ಕೆ ಮಾತ್ರ ಸೂಜಿಮೊನೆಯಷ್ಟು.

ಜೋಡಣೆ

ಮೇನ್‌ಸ್ಪ್ರಿಂಗನ್ನು ಹೊಸದು ಹಾಕುವುದಾದರೆ ಹಳೆಯದರ ಅಗಲ, ದಪ್ಪ, ಉದ್ದ ಮೂರೂ ಅಳೆದು ತನ್ನಿ. ದಪ್ಪದಲ್ಲಿ 0.01 ಮಿ.ಮೀ. ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ‘ಜೋರಾಗಿ ಓಡಲಿ’ ಎಂದು ದಪ್ಪದ್ದು ಹಾಕಿದರೆ ಬ್ಯಾಲೆನ್ಸ್ ಮಿತಿಮೀರಿ ಸುತ್ತಿ, ಫೋರ್ಕಿನ ಹಿಂಬದಿಗೆ ಬಡಿದು, ಕುದುರೆ ಓಟದ ಸದ್ದು ಬರುತ್ತದೆ. ವಾಚು ಗಂಟೆಗೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ.

ಚಕ್ರಗಳ ಸಾಲು ಕೂರಿಸಿ ಸೇತುವೆ ಇಟ್ಟ ಮೇಲೆ ಸ್ಕ್ರೂ ಬಿಗಿಯುವ ಆತುರ ಬೇಡ. ಸೇತುವೆಯನ್ನು ಬೆರಳ ತುದಿಯಲ್ಲಿ ಮೃದುವಾಗಿ ಒತ್ತಿಕೊಂಡು ಒಂದೊಂದೇ ಚಕ್ರದ ಅಚ್ಚನ್ನು ಅದರ ತೂತಿಗೆ ಸರಿಸಿ. ಎಲ್ಲವೂ ಕೂತಾಗ ಸೇತುವೆ ತಾನಾಗಿ ಕೆಳಗೆ ಇಳಿಯುತ್ತದೆ. ಇಳಿಯದ ಸೇತುವೆಯನ್ನು ಸ್ಕ್ರೂ ಬಿಗಿದು ಇಳಿಸಿದರೆ ಅಚ್ಚು ಮುರಿಯುವ ಸದ್ದೂ ಕೇಳಿಸುವುದಿಲ್ಲ. ಬಿಗಿದ ಮೇಲೆ, ಫೋರ್ಕ್ ಹಾಕುವ ಮೊದಲು, ಕ್ರೌನನ್ನು ಎರಡು ಹಲ್ಲಿನಷ್ಟು ತಿರುಗಿಸಿ. ಇಡೀ ಸಾಲು ಸರ್‍ರನೆ ಸುತ್ತಿ, ನಿಲ್ಲುವ ಹೊತ್ತಿಗೆ ಕೊನೆಯ ಚಕ್ರ ಚೂರು ಹಿಂದಕ್ಕೆ ತಿರುಗಬೇಕು. ಆ ಹಿಂದೇಟು ಕಂಡರೆ ಚಕ್ರಗಳು ಸ್ವತಂತ್ರವಾಗಿವೆ ಎಂದು ಅರ್ಥ. ಕಾಣದಿದ್ದರೆ ಇಲ್ಲೇ ನಿಂತು ಹುಡುಕಿ.

ಫೋರ್ಕ್ ಹಾಕಿ, ಮತ್ತೆ ಸ್ವಲ್ಪ ಕೀ ಕೊಟ್ಟು, ಚಿಮಟದಿಂದ ಫೋರ್ಕಿನ ಬಾಲವನ್ನು ಮುಟ್ಟಿದರೆ ಅದು ಟಕ್ಕನೆ ಆಚೆ ಬದಿಗೆ ಹಾರಬೇಕು. ಆಮೇಲೆ ಬ್ಯಾಲೆನ್ಸ್. ಸೇತುವೆ ಸರಿಯಾಗಿ ಕೂರುವ ಮೊದಲೇ ಚಕ್ರ ಜೀವ ಬಂದಂತೆ ಅಲ್ಲಾಡತೊಡಗುತ್ತದೆ; ಹಾಗಾದರೆ ಮಾತ್ರ ಸ್ಕ್ರೂ ಬಿಗಿಯಿರಿ, ಬಿಗಿಯುವಾಗಲೂ ಓಡುತ್ತಲೇ ಇರಬೇಕು. ನಿಂತರೆ ತಕ್ಷಣ ಸಡಿಲಿಸಿ.

ನಕಲಿ ಡಯಲ್ ಮತ್ತು ಮುಳ್ಳು: ಗೋಳಿರುವುದು ಇಲ್ಲಿ

ಬೆರೆಸಿ ಕಟ್ಟಿದ ವಾಚು ನಿಲ್ಲುವುದು ಹೆಚ್ಚಾಗಿ ಮಿಷನ್ ದೋಷದಿಂದಲ್ಲ, ಡಯಲ್ ಮತ್ತು ಮುಳ್ಳಿನ ನಡುವಿನ ಜಗಳದಿಂದ.

ಮೊದಲು ಕಾಲು. ಹಳೆ ಅಸಲಿ ಡಯಲನ್ನು ದಪ್ಪ ಕಾಗದದ ಮೇಲಿಟ್ಟು ಒತ್ತಿ. ಎರಡು ಕಾಲು ಎರಡು ತೂತು ಮಾಡುತ್ತವೆ. 12ರ ಕಡೆಗೆ ಮತ್ತು ನಡುವಿನ ತೂತಿಗೆ ಪೆನ್ಸಿಲ್ ಗುರುತು ಹಾಕಿ. ಈಗ ಹೊಸ ಡಯಲನ್ನು ಅದೇ ತೂತುಗಳಿಗೆ ಇಳಿಸಿ. ಕಾಲು ಸಲೀಸಾಗಿ ಇಳಿದು, 12 ಗುರುತಿಗೆ ಬಂದು, ನಡುವಿನ ತೂತು ಕೂಡಿದರೆ ಡಯಲ್ ಆಗುತ್ತದೆ. ಅಂಗಡಿಗೆ ಹೋಗುವಾಗ ಆ ಕಾಗದವನ್ನೇ ಜೇಬಿನಲ್ಲಿಟ್ಟುಕೊಂಡರೆ ಬೇಡದ ಡಯಲಿಗೆ ದುಡ್ಡು ಹೋಗುವುದು ತಪ್ಪುತ್ತದೆ. ಕೂಡದ ಡಯಲಿನ ಕಾಲು ಕತ್ತರಿಸಿ ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸುವ ಪದ್ಧತಿ ಇದೆ. ಅದು ಬೇಸಿಗೆಯವರೆಗೆ. ಸೆಕೆಗೆ ಅಂಟು ಮೆತ್ತಗಾಗಿ ಡಯಲ್ ಅರ್ಧ ಮಿ.ಮೀ. ಜಾರಿದರೆ ಅದರ ತೂತಿನ ಅಂಚು ನಡುವಿನ ಕೊಳವೆಗೆ ಉಜ್ಜಿ, ವಾಚು ನಿಂತು ನಿಂತು ಓಡುತ್ತದೆ.

ಆಮೇಲೆ ದಪ್ಪ. ಅಸಲಿಯದ್ದನ್ನೂ ನಕಲಿಯದ್ದನ್ನೂ ವರ್ನಿಯರಿನಲ್ಲಿ ಅಳೆಯಿರಿ. ನಕಲಿ 0.1 ಮಿ.ಮೀ. ದಪ್ಪವಿದ್ದರೂ ಗಂಟೆ ಮುಳ್ಳು ಕೂರುವ ಕೊಳವೆ ಡಯಲಿನಿಂದ ಕಡಿಮೆ ಹೊರಬರುತ್ತದೆ. ಮುಳ್ಳಿಗೆ ಹಿಡಿತ ಸಿಗುವುದಿಲ್ಲ, ಇಲ್ಲವೇ ಮುಳ್ಳಿನ ಅಡಿ ಡಯಲಿಗೆ ಉಜ್ಜುತ್ತದೆ. ಡಯಲಿನ ಅಡಿಯಲ್ಲಿ ಗಂಟೆ ಚಕ್ರದ ಮೇಲೆ ತೆಳುವಾದ ಹಿತ್ತಾಳೆ ವಾಷರ್ ಇದ್ದರೆ ಅದನ್ನು ತೆಗೆದು ನೋಡಿ, ಒಮ್ಮೊಮ್ಮೆ ಅಷ್ಟರಿಂದಲೇ ಸರಿಹೋಗುತ್ತದೆ. ಗಂಟೆ ಚಕ್ರವನ್ನು ಚಿಮಟದಿಂದ ಮೇಲೆ ಕೆಳಗೆ ಮಾಡಿದಾಗ ಚೂರೇ ಚೂರು ಆಡಬೇಕು. ಆಡದಿದ್ದರೆ ಡಯಲ್ ಅದನ್ನು ಅದುಮಿದೆ ಎಂದರ್ಥ.

ನಕಲಿ ಮುಳ್ಳುಗಳ ತೂತು 0.02, 0.03 ಮಿ.ಮೀ. ಹೆಚ್ಚು ಕಡಿಮೆ ಇರುತ್ತದೆ. ಬಿಗಿಯಾದರೆ ತೂತು ಹಿಗ್ಗಿಸುವ ಬ್ರೋಚಿನಿಂದ ಕೈಯಲ್ಲೇ ಎರಡು ಸುತ್ತು ಹೊಡೆದು, ಹಾಕಿ ನೋಡಿ, ಮತ್ತೆ ಒಂದು ಸುತ್ತು. ಸಡಿಲವಾದರೆ ಅಂಟು ಬಳಸಬೇಡಿ. ಮುಳ್ಳಿನ ಕೊಳವೆಯನ್ನು ಪಿನ್ ವೈಸಿನಲ್ಲಿ (ಸಣ್ಣ ಕೈ ಇಕ್ಕಳ) ಹಗುರಾಗಿ ಒತ್ತಿ ಮುಚ್ಚಿ. ಸೆಕೆಂಡ್ ಮುಳ್ಳಿನ ಕೊಳವೆ ಸೂಜಿಯಷ್ಟೇ ಇರುವುದರಿಂದ ಅದನ್ನು ಸರಿಪಡಿಸುವುದಕ್ಕಿಂತ ಬೇರೆ ಹುಡುಕುವುದು ಒಳ್ಳೆಯದು.

ಕೂರಿಸುವ ಕ್ರಮ: ಕ್ರೌನ್ ಹೊರಗೆ ಎಳೆದು ಮುಳ್ಳು ತಿರುಗಿಸುವ ಸ್ಥಿತಿಗೆ ತನ್ನಿ, ಗಂಟೆ ಮುಳ್ಳನ್ನು ಸರಿಯಾಗಿ 12ಕ್ಕೆ, ಅದರ ಮೇಲೆ ನಿಮಿಷದ್ದನ್ನೂ 12ಕ್ಕೆ. ಆಮೇಲೆ ತಿರುಗಿಸುತ್ತ 3, 6, 9ರಲ್ಲಿ ನಿಲ್ಲಿಸಿ ನೋಡಿ. ಗಂಟೆ ಮುಳ್ಳು ಅಂಕಿಯ ಮೇಲೆಯೇ ಇರಬೇಕು. ಮೂರು ಮುಳ್ಳಿನ ನಡುವೆ ಪಕ್ಕದಿಂದ ನೋಡಿದರೆ ಬೆಳಕು ಕಾಣಬೇಕು, ಅದೂ ಇಡೀ 12 ಗಂಟೆಯ ಸುತ್ತಿನಲ್ಲಿ.

ಮಿಷನ್ ಚೆನ್ನಾಗಿ ಓಡುತ್ತದೆ, ಮುಳ್ಳು ಮಾತ್ರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ ಎಂದಾದರೆ ತಪ್ಪು ಮುಳ್ಳಿನದ್ದಲ್ಲ. ನಿಮಿಷ ಮುಳ್ಳು ಕೂರುವ ಕ್ಯಾನನ್ ಪಿನಿಯನ್ ಸಡಿಲವಾಗಿದೆ. ಹಳೆ ಎಚ್‌ಎಂಟಿಗಳಲ್ಲಿ ಇದು ತೀರಾ ಸಾಮಾನ್ಯ. ರಿಪೇರಿಯವರ ಬಳಿ ಅದನ್ನು ಬಿಗಿ ಮಾಡುವ ಚಿಮಟ ಇರುತ್ತದೆ. ಒಂದೇ ಒತ್ತಿನ ಕೆಲಸ. ಅತಿಯಾಗಿ ಒತ್ತಿದರೆ ಮುಳ್ಳು ತಿರುಗಿಸುವಾಗ ರಾಡಿನ ಬಳಿಯ ಚಕ್ರದ ಹಲ್ಲು ಕಿತ್ತುಬರುತ್ತದೆ.

ಗ್ಲಾಸು, ರಾಡು, ಕೇಸು

ಗ್ಲಾಸು ಅಕ್ರಿಲಿಕ್‌ನದು, 0.1 ಮಿ.ಮೀ. ಲೆಕ್ಕದಲ್ಲಿ ಸಿಗುತ್ತದೆ. ಕೇಸಿನ ಗುಳಿಯ ಒಳ ಅಗಲಕ್ಕಿಂತ 0.1 ಅಥವಾ 0.2 ಹೆಚ್ಚಿನದು ತಂದು, ಒತ್ತುವ ಪ್ರೆಸ್‌ನಲ್ಲಿ ಬಾಗಿಸಿ ಕೂರಿಸಿ. ತೀರಾ ಚಪ್ಪಟೆ ಗ್ಲಾಸಿನ ಒಳಮೈಗೆ ಸೆಕೆಂಡ್ ಮುಳ್ಳಿನ ತಲೆ ತಾಗುತ್ತದೆ. ಒಳಗೆ ಪುಟ್ಟ ವೃತ್ತದ ಗೀರು ಕಂಡರೆ ಕಾರಣ ಇದೇ.

ರಾಡಿನ ತಿರುಪು ಹೆಚ್ಚಿನ ಗಂಡಸರ ಕೀ ವಾಚುಗಳಲ್ಲಿ 0.9 ಮಿ.ಮೀ. ಹೊಸ ರಾಡು ಉದ್ದವೇ ಬರುತ್ತದೆ. ಕ್ರೌನ್ ಹಾಕಿ, ಮಿಷನ್ ಕೇಸಿನಲ್ಲಿಟ್ಟು, ಕ್ರೌನಿಗೂ ಕೇಸಿಗೂ ನಡುವಿನ ಸಂದು ಅಳೆದು, ಅದಕ್ಕಿಂತ ಸ್ವಲ್ಪ ಕಡಿಮೆಯೇ ಕತ್ತರಿಸಿ. ಉಳಿದದ್ದನ್ನು ಅರದಲ್ಲಿ ಉಜ್ಜುತ್ತ ಬನ್ನಿ. ಉದ್ದ ಹೆಚ್ಚಿದ್ದರೆ ಕತ್ತರಿಸಬಹುದು, ಕಡಿಮೆಯಾದರೆ ಇನ್ನೊಂದು ರಾಡು.

ಸವೆದ ಹಿತ್ತಾಳೆ ಕೇಸಿಗೆ ಕ್ರೋಮ್ ಹಾಕಿಸುವ ಮೊದಲು ಬಫ್ ಮಾಡುತ್ತಾರೆ, ಅಲ್ಲಿ ಕೇಸಿನ ಅಂಚುಗಳೆಲ್ಲ ಕರಗಿ ಸೋಪಿನ ಹಾಗಾಗುತ್ತದೆ. ‘ಅಂಚು ಮುಟ್ಟಬೇಡಿ’ ಎಂದು ಹೇಳಿಯೇ ಕೊಡಿ. ರಬ್ಬರ್ ರಿಂಗು ಎಷ್ಟೇ ಹೊಸದಿರಲಿ, ಈ ವಾಚು ಕಟ್ಟಿಕೊಂಡು ಕೈ ತೊಳೆಯಬೇಡಿ.

ಟೈಮು ಹಿಡಿಯುವುದು

ಬಡಿತ ಕೇಳಿ ಓಟ ಅಳೆಯುವ ಟೈಮ್‌ಗ್ರಾಫರ್ ಇದ್ದರೆ 18,000ಕ್ಕೆ ಇಟ್ಟು, ಪೂರ್ತಿ ಕೀ ಕೊಟ್ಟು, ಅರ್ಧ ಗಂಟೆ ಬಿಟ್ಟು ನೋಡಿ. ಅದರಲ್ಲಿ ಕೇಳುವ ಲಿಫ್ಟ್ ಕೋನ 52 ಎಂದೇ ಬಿಟ್ಟರೂ ಓಟದ ಅಂಕಿ ಬದಲಾಗುವುದಿಲ್ಲ, ಸ್ವಿಂಗಿನ (ಬ್ಯಾಲೆನ್ಸ್ ಎಷ್ಟು ಡಿಗ್ರಿ ಓಲಾಡುತ್ತದೆ ಎಂಬ) ಅಂಕಿ ಮಾತ್ರ ಸ್ವಲ್ಪ ಆಚೀಚೆಯಾಗುತ್ತದೆ. ಡಯಲ್ ಮೇಲ್ಮುಖವಾಗಿದ್ದಾಗ 250 ಡಿಗ್ರಿ ಮೇಲೆ ಬಂದರೆ ಒಳ್ಳೆಯ ಸರ್ವಿಸ್. ಸವೆದ ಮಿಷನ್‌ನಲ್ಲಿ 230 ಬಂದರೂ ಒಪ್ಪಿಕೊಳ್ಳಿ. ಕ್ರೌನ್ ಕೆಳಮುಖವಾಗಿ ನಿಲ್ಲಿಸಿದಾಗ 20ರಿಂದ 40 ಡಿಗ್ರಿ ಇಳಿಯುವುದು ಸಹಜ. ಬೀಟ್ ಎರರ್ (ಟಿಕ್ಕಿಗೂ ಟಾಕಿಗೂ ನಡುವಿನ ಸಮಯದ ವ್ಯತ್ಯಾಸ) 1 ಮಿಲಿಸೆಕೆಂಡಿಗಿಂತ ಕಡಿಮೆ ಇರಲಿ. ದಿನಕ್ಕೆ 30 ಸೆಕೆಂಡಿನ ಒಳಗೆ ಹಿಡಿದರೆ ಈ ವಯಸ್ಸಿನ ವಾಚಿನಿಂದ ಅದಕ್ಕಿಂತ ಕೇಳಬಾರದು.

ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿದರೆ ರೆಗ್ಯುಲೇಟರ್ ಮುಟ್ಟುವ ಮೊದಲು ಒಂದು ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿಯಿರಿ. ಸೂಜಿ ಅಲ್ಲಾಡಿದರೆ ಅಯಸ್ಕಾಂತ ಹಿಡಿದಿದೆ, ಆ ಗುಣ ತೆಗೆಯುವ ಡಿಮ್ಯಾಗ್ನೆಟೈಸರಿನಲ್ಲಿ ಕೆಲವು ಸೆಕೆಂಡು ಸಾಕು.

ಚೀಟಿ

ಪ್ರತಿ ವಾಚಿಗೂ ಒಂದು ಚೀಟಿ ಬರೆಯಿರಿ. ಮಾದರಿ ಹೀಗೆ:

ಎಚ್‌ಎಂಟಿ ಜನತಾ. ಮಿಷನ್ ಅಸಲಿ, ಎರಡು ಮಿಷನ್‌ನಿಂದ ಕೂಡಿಸಿದ್ದು. ಬ್ಯಾಲೆನ್ಸ್ ಮತ್ತು ಫೋರ್ಕ್ ಎರಡನೆಯದರದ್ದು. ಮೇನ್‌ಸ್ಪ್ರಿಂಗ್ ಹೊಸದು. ಡಯಲ್ ಹೊಸ ಅಚ್ಚು, ಅಸಲಿ ಅಲ್ಲ. ಗಂಟೆ, ನಿಮಿಷ ಮುಳ್ಳು ಅಸಲಿ, ಸೆಕೆಂಡ್ ನಕಲಿ. ಕೇಸು ಅಸಲಿ, ಮರು ಕ್ರೋಮ್. ಗ್ಲಾಸು, ಕ್ರೌನ್, ರಾಡು ಹೊಸದು. ಎಣ್ಣೆ ಹಾಕಿದ ತಿಂಗಳು, ವರ್ಷ. ದಿನಕ್ಕೆ ಇಷ್ಟು ಸೆಕೆಂಡು ಮುಂದೆ.

ಮಾರುವಾಗ, ಯಾರಿಗಾದರೂ ಕೊಡುವಾಗ ಈ ಚೀಟಿ ವಾಚಿನ ಜೊತೆಗೇ ಹೋಗಬೇಕು. ನಕಲಿ ಡಯಲಿನ ವಾಚನ್ನು ‘ಪೂರ್ತಿ ಅಸಲಿ’ ಎಂದು ಮಾರುವುದು ಮೋಸ. ಬೇರೆಯವರ ಹೆಸರು, ಗುರುತನ್ನು ಸುಳ್ಳಾಗಿ ಅಚ್ಚು ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಹೆಸರಿಲ್ಲದ ಖಾಲಿ ಡಯಲ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ನೋಡಲೂ ಚೆಂದ.

ತೆಗೆದ ಹಳೆ ಡಯಲನ್ನು ಕಾಲು ಬಾಗದಂತೆ ಗುಳಿಗೆ ಡಬ್ಬಿಯಲ್ಲಿ, ಕೆಳಗೆ ಮೇಲೆ ಬೆಣ್ಣೆ ಕಾಗದ ಹಾಕಿ, ಅದೇ ವಾಚಿನ ಹೆಸರು ಬರೆದು ಇಡಿ. ಹತ್ತಿ ಸುತ್ತಬೇಡಿ, ತೇವ ಹಿಡಿಯುತ್ತದೆ.